ಆಫೀಸು ಊರಿಗೆ ಬಂತು, ಲೈನು ನಿಲ್ಲಲಿಲ್ಲ: ವಿಪಿಎನ್ ಕಟ್ ಆಗುವುದರ ಹಿಂದಿನ ಇತಿಹಾಸ

2020ರ ಜೂನ್. ಯಲಬುರ್ಗಾ ತಾಲ್ಲೂಕಿನ ಒಂದು ಊರು. ನಡುಮನೆಯಲ್ಲಿ ಜೋಳದ ಚೀಲ ಒಟ್ಟಿ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಮ್ಮ ಬಳಗದ ಗೆಳತಿಯೊಬ್ಬಳು ಕೆಲಸಕ್ಕೆ ಕೂತಿದ್ದಳು. ಬೆಂಗಳೂರಿನ ಒಂದು ಕಂಪನಿಗೆ ಬರುವ ಗ್ರಾಹಕರ ದೂರು ಓದಿ ಉತ್ತರ ಬರೆಯುವ ಕೆಲಸ. ಲಾಕ್‌ಡೌನ್ ಆದ ಮೇಲೆ ಲ್ಯಾಪ್‌ಟಾಪ್ ಕೊಟ್ಟು ಊರಿಗೆ ಕಳಿಸಿದ್ದರು. ಬೆಳಿಗ್ಗೆ ವಿಪಿಎನ್ ಒತ್ತಿದರೆ ಹಸಿರು ದೀಪ ಬರುತ್ತಿತ್ತು. ಐದು ನಿಮಿಷ, ಹತ್ತು ನಿಮಿಷ. ಆಮೇಲೆ ಕೆಂಪು.

"ಮತ್ತ ಹೋತೇನ ಯವ್ವಾ?" ಎಂದು ಅವ್ವ ಅಡುಗೆಮನೆಯಿಂದಲೇ ಕೇಳುತ್ತಿದ್ದಳು.

ದಿನಕ್ಕೆ ಎಂಟು ತಾಸು ಲಾಗಿನ್ ತುಂಬದಿದ್ದರೆ ಅರ್ಧ ದಿನದ ಪಗಾರ ಕಟ್. ಆ ಮನೆಗೆ ತಿಂಗಳಿಗೊಮ್ಮೆ ಖಾತ್ರಿಯಾಗಿ ಬರುತ್ತಿದ್ದ ದುಡ್ಡು ಅದೊಂದೇ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ "ನಿಮ್ಮ ಇಂಟರ್ನೆಟ್ ಸರಿಯಿಲ್ಲ" ಎಂಬ ಉತ್ತರ. ನೆಟ್ ಕೊಟ್ಟವರನ್ನು ಕೇಳಿದರೆ "ಯೂಟ್ಯೂಬ್ ನಡೀತೈತಲ್ರಿ, ನಮ್ಮ ಕಡೆ ಎಲ್ಲಾ ಬರೋಬ್ಬರಿ ಐತಿ." ಇಬ್ಬರೂ ಸುಳ್ಳು ಹೇಳಿರಲಿಲ್ಲ. ತಪ್ಪು ಇಬ್ಬರ ನಡುವೆ ಕೂತಿತ್ತು. ಅದು ಅಲ್ಲಿಗೆ ಹೇಗೆ ಬಂದು ಕೂತಿತು ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ದೂರದಲ್ಲಿ ಕೂತು ಆಫೀಸಿನ ಕಂಪ್ಯೂಟರ್ ಮುಟ್ಟುವುದು ಮೊದಲು ದೊಡ್ಡ ಕಂಪನಿಗಳಿಗಷ್ಟೇ ಸಾಧ್ಯವಿದ್ದ ಬಾಬತ್ತು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರ ತೆರೆಯಿತು. ಇಲ್ಲಿನ ಎಂಜಿನಿಯರ್‌ಗಳು ಅಲ್ಲಿನವರ ಜೊತೆ ಕೆಲಸ ಮಾಡಲು ತನ್ನದೇ ಉಪಗ್ರಹ ಸಂಪರ್ಕ ಹಾಕಿಕೊಂಡಿತು. ಅದರ ಸಲಕರಣೆಯನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಕಥೆಯನ್ನು ಕಂಪನಿಯವರೇ ಇವತ್ತಿಗೂ ಹೇಳಿಕೊಳ್ಳುತ್ತಾರೆ. ಗಾಡಿ ನಮ್ಮದು, ಲೈನು ಅವರದು! ಆ ಲೈನಿನಲ್ಲಿ ಬೇರೆ ಯಾರೂ ಇರಲಿಲ್ಲ. ಮಾತಾಡಲಿ ಬಿಡಲಿ, ದಾರಿ ಅವರಿಗಾಗಿಯೇ ತೆರೆದಿರುತ್ತಿತ್ತು.

ಹಳ್ಳಿಗೆ ಆಗ ಫೋನೇ ಸರಿಯಾಗಿ ಬಂದಿರಲಿಲ್ಲ. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ಹಳ್ಳಿಯ ಧೂಳು, ಸೆಕೆ ತಡೆಯುವಂಥ ಸಣ್ಣ ಟೆಲಿಫೋನ್ ಎಕ್ಸ್‌ಚೇಂಜ್ ಮಾಡಿತು. ಅದರಲ್ಲಿ ಮೊದಲನೆಯದನ್ನು 1986ರಲ್ಲಿ ಕೂರಿಸಿದ್ದು ನಮ್ಮದೇ ಉತ್ತರ ಕರ್ನಾಟಕದ ಕಿತ್ತೂರಿನಲ್ಲಿ. ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಅದೂ ಕೆಲವೇ ದೊಡ್ಡ ನಗರಗಳಲ್ಲಿ.

ಮನೆಯಿಂದ ಆಫೀಸಿಗೆ ಸೇರಬೇಕೆಂದರೆ ಆಗ ಮೋಡೆಮ್ ಹಚ್ಚಿ ಆಫೀಸಿನ ನಂಬರಿಗೇ ಫೋನ್ ಮಾಡಬೇಕಿತ್ತು. ದೂರದ ಊರಾದರೆ ಎಸ್‌ಟಿಡಿ ಬಿಲ್. 1996ರ ಹೊತ್ತಿಗೆ ಮೈಕ್ರೋಸಾಫ್ಟ್ ಮತ್ತು ಇನ್ನು ಕೆಲವು ಕಂಪನಿಗಳು ಸೇರಿ ಪಿಪಿಟಿಪಿ ಎಂಬ ಪದ್ಧತಿ ತಂದವು. ಸ್ವಂತ ಲೈನ್ ಬೇಡ, ಎಲ್ಲರೂ ಓಡಾಡುವ ಇಂಟರ್ನೆಟ್ ಒಳಗೇ ಒಂದು ಸುರಂಗ ಕೊರೆದು ಆಫೀಸ್ ಸೇರಿಕೋ ಎಂಬುದು ಅದರ ತಿರುಳು. ವಿಪಿಎನ್ ಎಂದರೆ ಇಷ್ಟೇ. ಪಿಪಿಟಿಪಿಯ ಬೀಗ ಗಟ್ಟಿಯಲ್ಲವೆಂದು ಮುಂದೆ ಗೊತ್ತಾಯಿತು. ಐಪಿಸೆಕ್ ಬಂತು. 2001ರಲ್ಲಿ ಜೇಮ್ಸ್ ಯೋನನ್ ಎಂಬಾತ ಓಪನ್‌ವಿಪಿಎನ್ ಬರೆದ. ಮಧ್ಯ ಏಷ್ಯಾ ಸುತ್ತುತ್ತಾ ಕೆಲಸ ಮಾಡುವಾಗ ಅಲ್ಲಿನ ನೆಟ್‌ವರ್ಕ್ ನಂಬಲಾಗದೆ ಅವನು ಅದಕ್ಕೆ ಕೈಹಾಕಿದ್ದ. ಮನೆಯಿಂದ ದೂರವಿದ್ದು, ನಂಬಿಕೆ ಇಲ್ಲದ ಲೈನಿನಲ್ಲಿ ದುಡಿಯುವವನ ಕಷ್ಟದಿಂದ ಹುಟ್ಟಿದ ಸಾಮಾನು ಅದು. ನಮಗೆ ಅವನ ಮೇಲೆ ಪ್ರೀತಿ ಬರಲು ಅಷ್ಟು ಸಾಕು.

ನಮ್ಮ ಗೆಳತಿಯಂಥವರಿಗೆ ಮನೆಯಿಂದ ದುಡಿಯಲು ಕಾನೂನೂ ಸಲೀಸಾಗಿರಲಿಲ್ಲ. ಕಾಲ್ ಸೆಂಟರ್, ಬಿಪಿಒ ಮಾದರಿಯ ಕಂಪನಿಗಳು ನೌಕರರನ್ನು ಮನೆಯಲ್ಲಿ ಕೂರಿಸಬೇಕಾದರೆ ದೂರಸಂಪರ್ಕ ಇಲಾಖೆಗೆ ಭದ್ರತಾ ಠೇವಣಿ ಇಡಬೇಕು, ಕರಾರು ಬರೆದುಕೊಡಬೇಕು ಎಂಬ ಷರತ್ತುಗಳಿದ್ದವು. ಕೊರೊನಾ ಬಂದಾಗ, 2020ರ ಮಾರ್ಚ್ 13ರಂದು, ಇಲಾಖೆ ಅವನ್ನು ತಾತ್ಕಾಲಿಕವಾಗಿ ಸಡಿಲಿಸಿತು. ಹನ್ನೆರಡೇ ದಿನದಲ್ಲಿ ಲಾಕ್‌ಡೌನ್. ನವೆಂಬರ್ 5ರಂದು ಹೊಸ ನಿಯಮ ಬಂದು ಆ ಕಟ್ಟುಗಳು ಬಹುಮಟ್ಟಿಗೆ ಕಾಯಂ ಆಗಿ ಬಿಚ್ಚಿಕೊಂಡವು. ಹೀಗೆ ಬೆಂಗಳೂರಿನ ಆಫೀಸು ರಾತ್ರೋರಾತ್ರಿ ಯಲಬುರ್ಗಾದ ಎರೆಹೊಲದ ಪಕ್ಕ ಬಂದು ಕೂತಿತು. ಕಾಗದದ ಮೇಲಿನ ಷರತ್ತು ಸಡಿಲಾಯಿತು, ನೆಟ್‌ವರ್ಕಿನ ಒಳಗಿನ ಷರತ್ತು ಹಾಗೇ ಉಳಿಯಿತು.

ಆ ಷರತ್ತು ವಿಳಾಸದ್ದು. ಇಂಟರ್ನೆಟ್‌ನ ಹಳೆಯ ಪದ್ಧತಿಯಲ್ಲಿ ಇರುವುದು ಸುಮಾರು 430 ಕೋಟಿ ವಿಳಾಸ. ಅವು ಸಾಲುವುದಿಲ್ಲವೆಂದು ಬೇಗನೆ ಗೊತ್ತಾಗಿ, 1994ರಲ್ಲೇ 'ನ್ಯಾಟ್' ಎಂಬ ಉಪಾಯ ಬರೆದಿಟ್ಟರು. ಒಂದು ವಿಳಾಸದ ಹಿಂದೆ ಹಲವರು ಇರುವುದು, ಯಾರ ಪತ್ರ ಯಾರಿಗೆ ಎಂದು ನಡುವಿನ ಪೆಟ್ಟಿಗೆ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುವುದು. ನಮ್ಮ ಏಷ್ಯಾ ಭಾಗಕ್ಕೆ ವಿಳಾಸ ಹಂಚುವ ಸಂಸ್ಥೆಯ ದಾಸ್ತಾನು 2011ರ ಏಪ್ರಿಲ್ 15ರಂದು ಕೊನೆಯ ಕಂತಿಗೆ ಬಂದು ನಿಂತಿತು. ನಮ್ಮ ಹಳ್ಳಿಗಳಿಗೆ ಅಗ್ಗದ 4ಜಿ ಬಂದದ್ದು ಅದಾದ ಮೇಲೆ, 2016ರಲ್ಲಿ ಜಿಯೋ ಶುರುವಾದ ನಂತರ. ಎಂದರೆ ನಾವು ಸಂತೆಗೆ ಹೋಗುವಷ್ಟರಲ್ಲಿ ಸರಕು ಖಾಲಿ. ಹಾಗಾಗಿ ಮೊಬೈಲ್ ಕಂಪನಿಗಳು ಒಂದೇ ಹಳೆಯ ವಿಳಾಸದ ಹಿಂದೆ ಬಹಳ ಗಿರಾಕಿಗಳನ್ನು ಕೂರಿಸುತ್ತವೆ.

ಪಟ್ಟಿಯಲ್ಲಿ ಜಾಗ ಕಡಿಮೆ, ಜನ ಜಾಸ್ತಿ. ಸುಮ್ಮನಿದ್ದವರ ಹೆಸರನ್ನು ಪೆಟ್ಟಿಗೆ ಅಳಿಸಿಹಾಕುತ್ತದೆ.

ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದು ಹೋದದ್ದು ನಿಮಗೆ ಗೊತ್ತಲ್ಲ? ಚಹಾ ಕುಡಿದು ಬೇಗ ಬಂದರೆ ಸೀಟು ನಿಮ್ಮದು. ತಡವಾದರೆ ಯಾರೋ ಟವೆಲ್ ಎತ್ತಿ ಕಂಬಿಗೆ ಹಾಕಿ ಕೂತಿರುತ್ತಾರೆ. ನಡುನಡುವೆ ಯಾರಾದರೂ "ಅದಾರ್ರಿ, ಬರ್ತಾರ" ಎನ್ನುತ್ತಿದ್ದರೆ ಸೀಟು ಉಳಿಯುತ್ತದೆ. ವಿಪಿಎನ್‌ನಲ್ಲಿ ಹೀಗೆ ಕೂಗುವ ಕೆಲಸಕ್ಕೆ 'ಕೀಪ್‌ಅಲೈವ್' ಎನ್ನುತ್ತಾರೆ. ಯುಡಿಪಿ ಎಂಬ ಬಗೆಯ ಸಂಪರ್ಕದಲ್ಲಿ ಟವೆಲನ್ನು ಕನಿಷ್ಠ ಎರಡು ನಿಮಿಷವಾದರೂ ಮುಟ್ಟಬಾರದೆಂದು 2007ರ ಇಂಟರ್ನೆಟ್ ನಿಯಮ ಹೇಳುತ್ತದೆ. ಅರ್ಧ ನಿಮಿಷಕ್ಕೇ ಎತ್ತಿ ಒಗೆಯುವ ಪೆಟ್ಟಿಗೆಗಳೂ ಇವೆ. ಅದಕ್ಕೇ ಐಪಿಸೆಕ್ 20 ಸೆಕೆಂಡಿಗೊಮ್ಮೆ ಕೂಗುವ ರೂಢಿ ಇಟ್ಟುಕೊಂಡಿತು. ವೈರ್‌ಗಾರ್ಡ್ ಎಂಬ ಹೊಸ ವಿಪಿಎನ್ ಮಾಡಿದವರು 25 ಸೆಕೆಂಡ್ ಸಾಕು ಎನ್ನುತ್ತಾರೆ. ಆದರೆ ಈ ಕೂಗನ್ನು ಯಾರಾದರೂ ಚಾಲೂ ಮಾಡಿಟ್ಟಿರಬೇಕು. ಆಫೀಸಿನಲ್ಲಿ ಗಟ್ಟಿ ಲೈನ್ ಇಟ್ಟುಕೊಂಡವರಿಗೆ ಅದು ನೆನಪಾಗುವುದೇ ಇಲ್ಲ.

ಕೊಪ್ಪಳದ ಗವಿಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ದೂರದ ಅರಸನ ಮಾತು ಎರಡು ಸಾವಿರ ವರ್ಷ ದಾಟಿ ಅಲ್ಲೇ ನಿಂತಿದೆ, ಕಟ್ ಆಗಿಲ್ಲ. ಅದಕ್ಕೆ ನಮ್ಮ ಉತ್ತರ ಬೇಕಿರಲಿಲ್ಲ. ವಿಪಿಎನ್‌ಗೆ ಎರಡೂ ಕಡೆಯ ಮಾತು ಬೇಕು, ನಡುವಿನವರ ನೆನಪೂ ಬೇಕು.

ಗೆಳತಿಯ ಮನೆಗೆ ವಾಪಸ್ ಬರೋಣ. ಅವಳು ಒಂದು ನೋಟ್‌ಬುಕ್ ಇಟ್ಟಳು. ಕಟ್ ಆದ ಹೊತ್ತು, ಆಗ ಏನು ಮಾಡುತ್ತಿದ್ದೆ, ಕರೆಂಟ್ ಇತ್ತೋ ಇಲ್ಲವೋ, ಇಷ್ಟೇ. ಒಂದು ವಾರದಲ್ಲಿ ಒಂದು ಚಹರೆ ಕಾಣತೊಡಗಿತು. ಉತ್ತರ ಟೈಪ್ ಮಾಡಿ ಕಳಿಸುತ್ತಿರುವಾಗ ಕಟ್ ಆಗುವುದು ಕಡಿಮೆ. ಉದ್ದದ ದೂರನ್ನು ಕೂತು ಓದುವಾಗ ಜಾಸ್ತಿ. ಸಹಾಯವಾಣಿಯಲ್ಲಿ ತಾಳ್ಮೆಯ ಹುಡುಗನೊಬ್ಬ ಸಿಕ್ಕ. "ಅಕ್ಕಾ, ಮೂರು ಕಿಟಕಿ ತೆಗೆದು ಪಿಂಗ್ ಹಚ್ಚಿಡ್ರಿ, ಯಾವುದು ಮೊದಲು ನಿಲ್ತದ ನೋಡೋಣ" ಎಂದ.

ಪಿಂಗ್ ಎಂದರೆ "ಇದ್ದೀಯಾ?" ಎಂದು ಕೇಳುವ ಸಣ್ಣ ಪ್ರೋಗ್ರಾಮು. 1983ರ ಡಿಸೆಂಬರಿನಲ್ಲಿ ಅಮೆರಿಕದ ಮೈಕ್ ಮ್ಯೂಸ್ ಬರೆದದ್ದು. ನೀರೊಳಗಿನ ಸೋನಾರ್ ಸದ್ದಿನಿಂದ ಆ ಹೆಸರಿಟ್ಟ. ಒಂದು ಕಿಟಕಿ ಮನೆಯ ರೂಟರನ್ನು ಕೇಳುತ್ತದೆ, ಇನ್ನೊಂದು ಹೊರಗಿನ ಇಂಟರ್ನೆಟ್‌ನ ಯಾವುದಾದರೂ ವಿಳಾಸವನ್ನು, ಮೂರನೆಯದು ಸುರಂಗದೊಳಗಿನ ಆಫೀಸ್ ಕಂಪ್ಯೂಟರನ್ನು. ಮೊದಲನೆಯದೇ ನಿಂತರೆ ತಪ್ಪು ಮನೆಯ ವೈಫೈಯಲ್ಲಿ. ಮೊದಲನೆಯದು ನಡೆದು ಎರಡನೆಯದು ನಿಂತರೆ ನೆಟ್ ಕೊಟ್ಟವರಲ್ಲಿ. ಎರಡೂ ನಡೆಯುತ್ತ ಮೂರನೆಯದು ಮಾತ್ರ ನಿಂತರೆ ವಿಪಿಎನ್‌ನಲ್ಲಿ. ಯಾರ ಜೊತೆಗೂ ವಾದ ಬೇಡ, ಫೋಟೊ ತೆಗೆದು ಕಳಿಸಿದರಾಯಿತು.

ಅವಳು ಬೆಳಿಗ್ಗೆ ಒಂಬತ್ತಕ್ಕೆ ಮೂರೂ ಹಚ್ಚಿ ಕೂತಳು. ಅವತ್ತು ಸಂಜೆ ಆರರವರೆಗೆ ಒಮ್ಮೆಯೂ ಕಟ್ ಆಗಲಿಲ್ಲ.

ಡಾಕ್ಟರ ಮುಂದೆ ಕೂತ ಕೂಡಲೇ ಹಲ್ಲುನೋವು ಮಾಯವಾದ ಹಾಗೆ. ಅವಳಿಗೆ ಸಿಟ್ಟೇ ಬಂದಿತ್ತು. ಮರುದಿನ ಪಿಂಗ್ ನಿಲ್ಲಿಸಿದಳು, ಹತ್ತು ನಿಮಿಷಕ್ಕೆ ಕೆಂಪು ದೀಪ. ಮತ್ತೆ ಹಚ್ಚಿದಳು, ನಿಂತಿತು. ಆಗ ಆ ಹುಡುಗನಿಗೂ ಹೊಳೆಯಿತು. ಸುರಂಗದೊಳಗೆ ಹೋಗುತ್ತಿದ್ದ ಮೂರನೆಯ ಪಿಂಗೇ "ಅದಾರ್ರಿ, ಬರ್ತಾರ" ಎಂದು ಸೆಕೆಂಡಿಗೊಮ್ಮೆ ಕೂಗುತ್ತಿತ್ತು! ಕಂಪನಿಯ ವಿಪಿಎನ್‌ನಲ್ಲಿ ಕೀಪ್‌ಅಲೈವ್ ಬಂದ್ ಆಗಿತ್ತು. ಚಾಲೂ ಮಾಡಿಸಿದರು. ಅವಳ ತಂಡದಲ್ಲಿ ಊರುಗಳಿಗೆ ಹೋಗಿದ್ದ ಎಲ್ಲರಿಗೂ ಅದು ಒಂದೇ ಏಟಿಗೆ ಸರಿಯಾಯಿತು. ಹಿಂದೆ ಕಟ್ ಆದ ಪಗಾರ ಮಾತ್ರ ವಾಪಸ್ ಬರಲಿಲ್ಲ.

ಎಲ್ಲರದೂ ಇದೇ ರೋಗವಲ್ಲ. ಕುಷ್ಟಗಿಯ ನಮ್ಮ ಇನ್ನೊಬ್ಬ ಗೆಳೆಯನಿಗೆ ವಿಪಿಎನ್ ಹಸಿರಾಗಿಯೇ ಇರುತ್ತಿತ್ತು, ಸಣ್ಣ ಪುಟ ತೆರೆಯುತ್ತಿತ್ತು, ದೊಡ್ಡ ಫೈಲ್ ಬಂದರೆ ಗಂಟಲಲ್ಲಿ ಸಿಕ್ಕಿ ಕೊನೆಗೆ ಎಲ್ಲವೂ ನಿಲ್ಲುತ್ತಿತ್ತು. ಇದು ಅಳತೆಯ ತಕರಾರು. ನೆಟ್‌ವರ್ಕಿನ ಲಕೋಟೆಯ ರೂಢಿಯ ಅಳತೆ 1500 ಬೈಟ್. ವಿಪಿಎನ್ ಆ ಲಕೋಟೆಯನ್ನು ಇನ್ನೊಂದು ಲಕೋಟೆಯಲ್ಲಿ ಹಾಕುತ್ತದೆ. ಕೆಲವು ಬ್ರಾಡ್‌ಬ್ಯಾಂಡ್ ಲೈನುಗಳು ತಮ್ಮದೂ 8 ಬೈಟ್ ಸೇರಿಸುತ್ತವೆ, ಆಗ ಉಳಿಯುವುದು 1492. ಒಟ್ಟು ದಪ್ಪವಾದರೆ ಡಬ್ಬಿಯ ಬಾಯಲ್ಲಿ ಹಿಡಿಯುವುದಿಲ್ಲ. ಅದಕ್ಕೆ ವೈರ್‌ಗಾರ್ಡ್ ಮೊದಲೇ ಒಳಗಿನ ಲಕೋಟೆಯನ್ನು 1420ಕ್ಕೆ ಇಳಿಸಿಕೊಳ್ಳುತ್ತದೆ. ಈ ಅಳತೆಯ ಹೆಸರು ಎಂಟಿಯು. "ಎಂಟಿಯು ಕಡಿಮೆ ಮಾಡಿ ನೋಡಿ" ಎಂದು ಕಂಪನಿಯವರಿಗೆ ಒಂದು ಸಾಲು ಬರೆದರೆ ಅವರಿಗೆ ತಿಳಿಯುತ್ತದೆ.

ಗಂಗಾವತಿ ಕಡೆಯವನೊಬ್ಬ ಮನೆಯ ವೈಫೈ ಮತ್ತು ಫೋನಿನ ಹಾಟ್‌ಸ್ಪಾಟ್ ಎರಡನ್ನೂ ಲ್ಯಾಪ್‌ಟಾಪಿಗೆ ಉಳಿಸಿಟ್ಟಿದ್ದ. ಒಂದು ಸೊರಗಿದರೆ ಲ್ಯಾಪ್‌ಟಾಪ್ ತಾನೇ ಇನ್ನೊಂದಕ್ಕೆ ಜಿಗಿಯುತ್ತಿತ್ತು, ವಿಳಾಸ ಬದಲಾಗಿ ಹಳೆಯ ವಿಪಿಎನ್ ಅವನನ್ನು ಪರಕೀಯನೆಂದು ಹೊರಗಟ್ಟುತ್ತಿತ್ತು. ವಿಳಾಸ ಬದಲಾದರೂ ಗುರುತು ಹಿಡಿಯುವ ಏರ್ಪಾಡು ಐಪಿಸೆಕ್‌ಗೆ 2006ರಲ್ಲೇ ಬಂದಿತ್ತು. ಅದು ಹುಟ್ಟಿನಿಂದಲೇ ಇರುವ ವೈರ್‌ಗಾರ್ಡ್ ಲಿನಕ್ಸ್ ಒಳಗೆ ಸೇರಿ ಬಿಡುಗಡೆಯಾದದ್ದು 2020ರ ಮಾರ್ಚ್ 29ರಂದು, ನಮ್ಮ ಲಾಕ್‌ಡೌನ್‌ನ ಮೊದಲ ವಾರದಲ್ಲೇ. ಆದರೆ ಹೊಸ ಸಾಮಾನು ಬಂದ ಕೂಡಲೇ ಕಂಪನಿಗಳು ಹಳೆಯದನ್ನು ಬಿಸಾಡುವುದಿಲ್ಲ. ಅವನು ಒಂದನ್ನು ಮರೆಸಿಬಿಟ್ಟ, ಸರಿಹೋಯಿತು. ಕೊಪ್ಪಳದವಳೊಬ್ಬಳಿಗೆ ದಿನವೂ ಲಾಗಿನ್ ಆದ ಎಂಟನೇ ತಾಸಿಗೆ ಸರಿಯಾಗಿ ಕಟ್ ಆಗುತ್ತಿತ್ತು. ಅದು ತಪ್ಪೇ ಅಲ್ಲ, ಕಂಪನಿಯೇ ಇಟ್ಟ ಗಡುವು.

ಒಂದು ಎಚ್ಚರಿಕೆ. ಕಟ್ ಆಗುತ್ತದೆಂದು ಪ್ಲೇ ಸ್ಟೋರಿನ ಪುಕ್ಕಟೆ ವಿಪಿಎನ್ ಆಪ್ ಹಾಕಿಕೊಳ್ಳಬೇಡಿ. ಅದು ನಿಮ್ಮನ್ನು ನಿಮ್ಮ ಆಫೀಸಿಗೆ ಒಯ್ಯುವುದಿಲ್ಲ, ಬೇರೆ ಯಾರದೋ ಮನೆಗೆ ಒಯ್ಯುತ್ತದೆ. ಪಿಂಗ್ ಹಚ್ಚುವ ಮುಂಚೆಯೂ ಕಂಪನಿಯನ್ನು ಕೇಳಿಯೇ ಹಚ್ಚಿ.

ಹಳಬರಿಗೆ ಇನ್ನೊಂದು ನೆನಪಿರಬಹುದು. 2000ದ ಆಚೀಚೆ 'ಭೂಮಿ' ಯೋಜನೆಯಲ್ಲಿ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂದಾಗ, ದಾಖಲೆಯ ಕಂಪ್ಯೂಟರು ತಾಲ್ಲೂಕು ಕಚೇರಿಯಲ್ಲೇ ಇರುತ್ತಿತ್ತು. ಕರೆಂಟ್ ಇದ್ದರೆ ಪಹಣಿ ಸಿಗುತ್ತಿತ್ತು. ದಾಖಲೆ ಬೆಂಗಳೂರಿನ ಡೇಟಾ ಸೆಂಟರ್ ಸೇರಿದ ಮೇಲೆ ಎಲ್ಲಿಂದ ಬೇಕಾದರೂ ತೆಗೆಯುವ ಅನುಕೂಲ ಬಂತು, ಜೊತೆಗೆ "ಸರ್ವರ್ ಇಲ್ರಿ, ನಾಳೆ ಬರ್ರಿ" ಎಂಬ ಮಾತೂ ಬಂತು. ಎಷ್ಟೋ ಸಲ ಸರ್ವರ್ ಬೆಂಗಳೂರಿನಲ್ಲಿ ತಣ್ಣಗೆ ನಡೆಯುತ್ತಲೇ ಇರುತ್ತದೆ, ಇಲ್ಲವಾದದ್ದು ನಡುವಿನ ದಾರಿ.

ಗೆಳತಿ ಇವತ್ತಿಗೂ ಊರಿನಿಂದಲೇ ಕೆಲಸ ಮಾಡುತ್ತಾಳೆ. ಜೋಳದ ಚೀಲದ ಜಾಗದಲ್ಲಿ ಮೇಜು ಬಂದಿದೆ. ರೂಟರಿಗೆ 12 ವೋಲ್ಟಿನ ಸಣ್ಣ ಯುಪಿಎಸ್ ಹಾಕಿಸಿದ್ದಾಳೆ. ನೋಟ್‌ಬುಕ್ ನಿಲ್ಲಿಸಿಲ್ಲ. ಕಳೆದ ಸಲ ಹೋದಾಗ ತಿರುವಿ ನೋಡಿದೆವು. ಆ ತಿಂಗಳು ಏಳು ಸಲ ಕಟ್ ಆಗಿತ್ತು, ಏಳರ ಮುಂದೆಯೂ ಒಂದೇ ಶಬ್ದ ಬರೆದಿದ್ದಳು: ಕರೆಂಟ್.