ಅಮಿತಾಭನ ಕೈಯ ದಾರ

ಫೋಟೊದಲ್ಲಿ ಇದ್ದದ್ದನ್ನು ತೆಗೆಯಬಾರದು, ಇಲ್ಲದ್ದನ್ನು ಸೇರಿಸಬಾರದು. ಪತ್ರಿಕೋದ್ಯಮದ ತರಗತಿಯಲ್ಲಿ ನಾವು ಕಲಿತ ಪಾಠ ಇದು. ಆ ಕಣ್ಣಿನಿಂದಲೇ ಜಪಾನಿನ ಕಲಾವಿದೆ ಮರಿಕೊ ಮೊರಿ 1996-98ರಲ್ಲಿ ರೂಪಿಸಿದ 'ಪ್ಯೂರ್ ಲ್ಯಾಂಡ್' ಚಿತ್ರವನ್ನು ನೋಡಿ ನಾವು ತಬ್ಬಿಬ್ಬಾದೆವು. ಮೃತ ಸಮುದ್ರದ ಅಲುಗಾಡದ ನೀರು, ಅದರ ಮೇಲೊಂದು ತಾವರೆ. ಗಾಳಿಯಲ್ಲಿ ತೇಲುತ್ತಿರುವ ಒಬ್ಬ ದೇವತೆ. ಆ ವೇಷ ತೊಟ್ಟವರು ಸ್ವತಃ ಮರಿಕೊ. ಸುತ್ತಲೂ ಮೋಡದ ತುಣುಕುಗಳ ಮೇಲೆ ವಾದ್ಯ ನುಡಿಸುವ ಬಣ್ಣಬಣ್ಣದ ಪುಟ್ಟ ಜೀವಿಗಳು, ಅನ್ಯಗ್ರಹದಿಂದ ಬಂದವರಂತೆ. ಸಮುದ್ರ ಕ್ಯಾಮೆರಾದ್ದು, ಆ ಜೀವಿಗಳು ಕಂಪ್ಯೂಟರಿನವು. ಚಿತ್ರದ ಅಗಲ ಸುಮಾರು ಆರು ಮೀಟರ್.

ಇಂಥದ್ದನ್ನು ಕಂಡರೆ 'ಸರ್ರಿಯಲಿಸ್ಟ್' ಎಂದುಬಿಡುವುದು ರೂಢಿ. ಆದರೆ 1924ರಲ್ಲಿ ಆಂದ್ರೆ ಬ್ರೆತೋನ್ ಪ್ಯಾರಿಸ್‌ನಲ್ಲಿ ಸರ್ರಿಯಲಿಸಂ ಪ್ರಣಾಳಿಕೆ ಹೊರಡಿಸುವುದಕ್ಕೆ ಎಷ್ಟೋ ಶತಮಾನ ಮೊದಲೇ ಜಪಾನಿನಲ್ಲಿ ಮೋಡದ ಮೇಲೆ ವಾದ್ಯಗೋಷ್ಠಿ ಇಳಿದು ಬರುತ್ತಿತ್ತು. ಅಲ್ಲಿ ಅದು ಕನಸಿನ ವಿಷಯವಾಗಿರಲಿಲ್ಲ, ಸಾವಿನ ವಿಷಯವಾಗಿತ್ತು.

985ರಲ್ಲಿ ಗೆನ್‌ಶಿನ್ ಎಂಬ ಭಿಕ್ಷು 'ಓಜೊಯೋಶು' ಎಂಬ ಗ್ರಂಥ ಬರೆದ. ಸಾಯುವ ಗಳಿಗೆಯಲ್ಲಿ ಏನು ಮಾಡಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ: ರೋಗಿಯ ಬಳಿ ಬುದ್ಧನ ಮೂರ್ತಿ ಇಡಬೇಕು, ಮೂರ್ತಿಯ ಕೈಗೆ ಐದು ಬಣ್ಣದ ದಾರ ಕಟ್ಟಿ ಅದರ ತುದಿಯನ್ನು ರೋಗಿಯ ಕೈಗೆ ಕೊಡಬೇಕು. ನಮ್ಮೂರುಗಳಲ್ಲಿ ಕೊನೆಗಾಲಕ್ಕೆ ಬಾಯಿಗೆ ತುಳಸಿ ನೀರು ಬಿಡುತ್ತಾರಲ್ಲ, ಹೆಚ್ಚುಕಡಿಮೆ ಅಂಥದ್ದೇ ಆಸರೆ. ಅಮಿತಾಭ ಬುದ್ಧ, ಜಪಾನಿಯರ ಅಮಿಡ, ಪಡುವಣದ ತನ್ನ ಸುಖಾವತಿಯಿಂದ ಬಂದು ಕರೆದೊಯ್ಯುತ್ತಾನೆ ಎಂಬ ನಂಬಿಕೆ. ಹಾಗೆ ಇಳಿದು ಬರುವ ಚಿತ್ರಗಳಿಗೆ 'ರೈಗೊ' ಎಂದು ಹೆಸರು.

1053ರಲ್ಲಿ ಊಜಿಯ ಬ್ಯೋದೊಯಿನ್ ದೇಗುಲದ ಫೀನಿಕ್ಸ್ ಸಭಾಂಗಣದ ಬಾಗಿಲುಗಳ ಮೇಲೆ ಇಂಥ ಚಿತ್ರಗಳನ್ನು ಬರೆದರು. ಅಲ್ಲಿ ಅಮಿಡ ಇಳಿಯುವುದು ಯಾವುದೋ ಬಂಗಾರದ ಲೋಕಕ್ಕಲ್ಲ. ಅದೇ ನಾಡಿನ ಬೆಟ್ಟ, ಹೊಳೆಗಳ ನಡುವೆ, ಋತುಗಳು ಬದಲಾಗುವ ನೆಲಕ್ಕೆ. ಕ್ಯೋಟೊದ ಚಿಯೊನಿನ್‌ನಲ್ಲಿರುವ ರೈಗೊ ಇನ್ನೂ ಸೊಗಸು. ಕಡಿದಾದ ಬೆಟ್ಟದ ಮೇಲಿಂದ ಅಮಿಡ ಮತ್ತು ಇಪ್ಪತ್ತೈದು ಬೋಧಿಸತ್ವರು ಮೋಡವೇರಿ ರಭಸದಿಂದ ಜಾರಿ ಬರುತ್ತಾರೆ, ಬೆಟ್ಟದ ತುಂಬ ಚೆರ್ರಿ ಹೂ. ಕೆಳಗೆ ಬಲಮೂಲೆಯಲ್ಲೊಂದು ಮನೆ. ಒಳಗೆ ಗ್ರಂಥಗಳನ್ನು ಮುಂದಿಟ್ಟುಕೊಂಡು ಕೈಮುಗಿದು ಕೂತ ಒಬ್ಬ ಮನುಷ್ಯ. ಇಷ್ಟು ದೊಡ್ಡ ಮೆರವಣಿಗೆ ಹೊರಟಿರುವುದು ಅವನೊಬ್ಬನಿಗಾಗಿ!

ಈಗ ಮರಿಕೊ ಚಿತ್ರಕ್ಕೆ ಮರಳಿದರೆ, ಆ ಪುಟ್ಟ ಜೀವಿಗಳು ಯಾರೆಂದು ಗೊತ್ತಾಗುತ್ತದೆ. ಬೋಧಿಸತ್ವರ ವಾದ್ಯಮೇಳವೇ ಪ್ಲಾಸ್ಟಿಕ್ ಗೊಂಬೆಗಳ ರೂಪ ತಳೆದಿದೆ. ನಡುವಿನ ದೇವತೆ ಮಾತ್ರ ಅಮಿಡ ಅಲ್ಲ, ಕಿಚಿಜೋತೆನ್. ಆಕೆ ನಮಗೆ ಹೊಸಬಳಲ್ಲ. ಬೌದ್ಧಧರ್ಮದ ಜೊತೆ ಚೀನಾ ದಾಟಿ ಜಪಾನಿಗೆ ಹೋದ ನಮ್ಮ ಲಕ್ಷ್ಮಿಯೇ. ನಾರಾದ ಯಾಕುಶಿಜಿ ದೇಗುಲದಲ್ಲಿ ಎಂಟನೆಯ ಶತಮಾನದ ಆಕೆಯ ಚಿತ್ರವಿದೆ, ಕೈಯಲ್ಲಿ ಚಿಂತಾಮಣಿ ಹಿಡಿದಿದ್ದಾಳೆ. ಇದೇ ವೇಷದಲ್ಲಿ ಮರಿಕೊ 'ನಿರ್ವಾಣ' ಎಂಬ ತ್ರೀಡಿ ವಿಡಿಯೊ ಮಾಡಿ 1997ರ ವೆನಿಸ್ ಬಿನಾಲೆಯಲ್ಲಿ ತೋರಿಸಿದರು. ನೋಡುವವರು ಕನ್ನಡಕ ಹಾಕಿಕೊಳ್ಳಬೇಕಿತ್ತು, ಆಗ ದೇವತೆ ಎದುರಿಗೇ ತೇಲಿ ಬರುತ್ತಿದ್ದಳು.

ಕಲಾವಿದೆ ತಾನೇ ದೇವರ ಜಾಗದಲ್ಲಿ ನಿಂತದ್ದು ಅಹಂಕಾರವೇ ಎಂದು ನಮ್ಮಲ್ಲಿ ಜಗಳವಾಯಿತು. ಎಲ್ಲರಲ್ಲೂ ಬುದ್ಧತ್ವವಿದೆ ಎಂಬ ಮಹಾಯಾನದ ಮಾತು ಹಿಡಿದರೆ ಅದು ತಪ್ಪಲ್ಲ ಎಂದು ಕೆಲವರು ವಾದಿಸಿದರು. ನಮಗೆ ಕಡೆಗೂ ಕಾಡಿದ್ದು ಬೇರೆ. 'ಪ್ಯೂರ್ ಲ್ಯಾಂಡ್'ನಲ್ಲಿ ಮೂಲೆಯ ಆ ಮನೆಯೇ ಇಲ್ಲ. ಸಮುದ್ರ ಮಟ್ಟದಿಂದ 400 ಮೀಟರಿಗೂ ಕೆಳಗಿರುವ, ಮೀನೂ ಬದುಕದ ಉಪ್ಪುನೀರಿನ ಮೇಲೆ ದೇವತೆ ಬಂದಿದ್ದಾಳೆ, ಆದರೆ ಯಾರನ್ನು ಕರೆದೊಯ್ಯಲು? ನೋಡುತ್ತ ನಿಂತ ನಮ್ಮನ್ನೇ ಇರಬಹುದು. ಹಾಗಿದ್ದರೂ ಹಿಡಿದುಕೊಳ್ಳಲು ನಮ್ಮ ಕೈಗೆ ಅವಳು ಏನನ್ನೂ ಕೊಟ್ಟಿಲ್ಲ.

ಕ್ಯೋಟೊದ ಕೊಂಕೈ ಕೋಮ್ಯೋಜಿ ದೇಗುಲದಲ್ಲಿ ಹದಿಮೂರನೆಯ ಶತಮಾನದ ಒಂದು ಮಡಿಸುವ ಪರದೆ ಇದೆ. ಬೆಟ್ಟಗಳ ಹಿಂದಿನಿಂದ ಅಮಿಡ ಹುಣ್ಣಿಮೆ ಚಂದ್ರನಂತೆ ಮೇಲೆದ್ದಿದ್ದಾನೆ. ಅವನ ಬೆರಳುಗಳ ಬಳಿ ಯಾರೋ ಹಿಡಿದುಕೊಂಡಿದ್ದ ದಾರದ ಎಳೆಗಳು ಇನ್ನೂ ಉಳಿದಿವೆ.