ಸಗಣಿಯಲ್ಲಿ ಬಲೆ ಹಾಸುವ ಬೂಸ್ಟು

ದನ, ಕುರಿ, ಕುದುರೆಗಳ ಹೊಟ್ಟೆಯಲ್ಲಿ ಬೆಳೆಯುವ ಬಹುಪಾಲು ದುಂಡುಹುಳುಗಳು ತಮ್ಮ ಬಾಳಿನ ಒಂದು ಭಾಗವನ್ನು ಪ್ರಾಣಿಯ ಹೊರಗೆ, ಸಗಣಿಯಲ್ಲೇ ಕಳೆಯಬೇಕು. ಕುರಿಯ ನಾಲ್ಕನೇ ಹೊಟ್ಟೆಗೆ ಕಚ್ಚಿಕೊಂಡು ರಕ್ತ ಹೀರುವ ಹಿಮಾಂಕಸ್ ಹುಳುವಿನ ಹೆಣ್ಣು ದಿನಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಹಿಕ್ಕೆಯ ಜೊತೆ ನೆಲಕ್ಕೆ ಬಿದ್ದ ಮೊಟ್ಟೆಯೊಡೆದು ಬಂದ ಮರಿಗಳು ಅಲ್ಲಿನ ಬ್ಯಾಕ್ಟೀರಿಯಾ ತಿಂದು ಬಲಿಯುತ್ತವೆ. ಮಳೆಯ, ಇಬ್ಬನಿಯ ತೇವ ಹಿಡಿದು ಹುಲ್ಲಿನ ಗರಿ ಏರುತ್ತವೆ. ಮೇಯಲು ಬಂದ ಕುರಿಯ ಬಾಯಿ ಸೇರುತ್ತವೆ. ಜಂತುನಾಶಕ ಔಷಧಿ ಹುಳುವನ್ನು ಹೊಟ್ಟೆಯೊಳಗೆ ಕೊಲ್ಲುತ್ತದೆ. ಹುಳುಗಳನ್ನು ಬೇಟೆಯಾಡುವ ಶಿಲೀಂಧ್ರವನ್ನು, ಅಂದರೆ ಬೂಸ್ಟನ್ನು, ಬಳಸುವವರ ಲೆಕ್ಕಾಚಾರ ಬೇರೆ: ಮರಿಹುಳು ಸಗಣಿ ಬಿಟ್ಟು ಹುಲ್ಲು ತಲುಪುವ ಮೊದಲೇ ಅದನ್ನು ಹಿಡಿಯಬೇಕು.

ಇಂಥ ಶಿಲೀಂಧ್ರಗಳಲ್ಲಿ ಹೆಚ್ಚು ಹೆಸರಾದದ್ದು ಆರ್ತ್ರೋಬೋಟ್ರಿಸ್ ಒಲಿಗೋಸ್ಪೋರಾ. ಜರ್ಮನಿಯ ಜಾರ್ಜ್ ಫ್ರೆಸೆನಿಯಸ್ 1850ರ ಹೊತ್ತಿಗೆ ಅದನ್ನು ವರ್ಣಿಸಿದಾಗ ಅದರ ಬೇಟೆಯ ಗುಣ ಅವರ ಗಮನಕ್ಕೆ ಬಂದಿರಲಿಲ್ಲ. 1888ರಲ್ಲಿ ವಿಲ್‌ಹೆಲ್ಮ್ ಜೋಫ್ ಇದರ ಎಳೆಗಳ ಕುಣಿಕೆಗಳಲ್ಲಿ ಜೀವಂತ ಹುಳುಗಳು ಸಿಕ್ಕಿಬೀಳುವುದನ್ನು ಕಂಡರು. ಹುಳು ಕುಣಿಕೆಯಲ್ಲಿ ತೊಡರಿಕೊಳ್ಳುತ್ತದೆ ಎಂದಷ್ಟೇ ಅವರು ಭಾವಿಸಿದ್ದರು. ನಿಜಕ್ಕೂ ಅದನ್ನು ಹಿಡಿದು ನಿಲ್ಲಿಸುವುದು ಬಲೆಯ ಮೇಲಿನ ಅಂಟು. ಅಂಟಿದ ಕಡೆ ಶಿಲೀಂಧ್ರ ಹುಳುವಿನ ಚರ್ಮ ಕೊರೆದು ಒಳಹೊಕ್ಕು, ಎಳೆಗಳನ್ನು ಬೆಳೆಸಿ, ಒಳಗಿನದನ್ನೆಲ್ಲ ಹೀರಿಬಿಡುತ್ತದೆ. ಹುಳುಗಳ ಸುಳಿವು ಸಿಗದಿದ್ದರೆ ಸಾಮಾನ್ಯವಾಗಿ ಬಲೆ ಹೆಣೆಯುವ ಗೋಜಿಗೇ ಅದು ಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಚಾರ್ಲ್ಸ್ ಡ್ರೆಕ್ಸ್ಲರ್ 1930ರ ದಶಕದಿಂದ ಮುಂದೆ ಇಂಥ ಹಲವು ಪ್ರಭೇದಗಳನ್ನು ಚಿತ್ರ ಸಮೇತ ದಾಖಲಿಸಿದರು.

ಬೇಟೆಯ ಗುಣವನ್ನು ಕೃಷಿಗೆ ಬಳಸುವ ಮೊದಲ ಯತ್ನ ನಡೆದದ್ದು ದನದ ಕೊಟ್ಟಿಗೆಯಲ್ಲಲ್ಲ, ಅನಾನಸಿನ ನೆಲದಲ್ಲಿ. ಹವಾಯಿಯಲ್ಲಿ ಲಿನ್‌ಫೋರ್ಡ್ 1937ರಲ್ಲಿ ಬೇರುಗಂಟು ಹುಳುಗಳ ಮೇಲೆ ಇದನ್ನು ಪರೀಕ್ಷಿಸಿದರು. ಎರಡೇ ವರ್ಷದಲ್ಲಿ ಫ್ರಾನ್ಸ್‌ನ ರೂಬೊ, ದೆಷಿಯೆನ್ ಮೊದಲಾದವರು ಪ್ರಾಣಿಗಳ ಜಂತುಗಳತ್ತ ತಿರುಗಿದರು. ಶಿಲೀಂಧ್ರದ ಬೀಜಕಗಳನ್ನು ಹುಲ್ಲುಗಾವಲಿಗೆ ಎರಚಿ, ಅಲ್ಲಿ ಮೇಯ್ದ ಕುರಿಗಳಿಗೆ ಸೋಂಕು ಕಡಿಮೆಯಾಗುತ್ತದೆಂದು ತೋರಿಸಿದರು. ಸೋವಿಯತ್ ಒಕ್ಕೂಟದಲ್ಲಿ ಸೊಪ್ರುನೊವ್ 1958ರಲ್ಲಿ ಈ ವಿಷಯದ ಮೇಲೆ ಇಡೀ ಪುಸ್ತಕವನ್ನೇ ಬರೆದರು.

ಅಷ್ಟರಲ್ಲಿ 1961ರಲ್ಲಿ ಥಯಾಬೆಂಡಜೋಲ್ ಎಂಬ ಜಂತುನಾಶಕ ಮಾರುಕಟ್ಟೆಗೆ ಬಂತು, ಬೆನ್ನಿಗೇ ಲೆವಮಿಸೋಲ್, 1980ರ ದಶಕದಲ್ಲಿ ಐವರ್ಮೆಕ್ಟಿನ್. ಒಂದು ಗುಟುಕು ಔಷಧಿಯಲ್ಲಿ ಮುಗಿಯುವ ಕೆಲಸಕ್ಕೆ ಬೂಸ್ಟು ಬೆಳೆಸುತ್ತ ಕೂರುವವರು ಯಾರು? ಆದರೆ ಥಯಾಬೆಂಡಜೋಲ್‌ಗೆ ಜಗ್ಗದ ಹಿಮಾಂಕಸ್ ಹುಳುಗಳ ವರದಿ 1964ರಲ್ಲೇ ಅಮೆರಿಕದಿಂದ ಬಂದಿತ್ತು. ಹೊಸ ಔಷಧಿಗಳಿಗೂ ಒಂದಾದ ಮೇಲೊಂದರಂತೆ ಅದೇ ಗತಿಯಾದಾಗ ಹಳೆಯ ಉಪಾಯ ಮತ್ತೆ ನೆನಪಿಗೆ ಬಂತು.

ಕೈಹಾಕಿದವರು ಕೋಪನ್‌ಹೇಗನ್‌ನ ಪಶುವೈದ್ಯ ವಿಜ್ಞಾನಿಗಳು: ಗ್ರೋನ್‌ವೋಲ್ಡ್, ನ್ಯಾನ್ಸೆನ್, ವೋಲ್ಸ್ಟ್ರುಪ್, ಲಾರ್ಸೆನ್. 1980ರ ದಶಕದಲ್ಲಿ ಅವರು ಆರ್ತ್ರೋಬೋಟ್ರಿಸ್ ಅನ್ನು ಸಗಣಿಗೆ ಬೆರೆಸಿದಾಗ ಮರಿಹುಳುಗಳ ಸಂಖ್ಯೆ ಇಳಿಯಿತು. ಹಾಗೆಂದು ಊರ ದನದ ಸಗಣಿಗೆಲ್ಲ ಕೈಯಾರೆ ಬೀಜಕ ಬೆರೆಸುತ್ತ ಹೋಗಲಾಗದು. ಮೇವಿನಲ್ಲಿ ತಿನ್ನಿಸಬೇಕು, ಅದು ಸಗಣಿಯ ಜೊತೆ ಹೊರಬರಬೇಕು. ಆರ್ತ್ರೋಬೋಟ್ರಿಸ್‌ನ ತೆಳು ಬೀಜಕಗಳು ಮೆಲುಕುಚೀಲ ಮತ್ತು ಕರುಳಿನ ಹಾದಿಯನ್ನು ತಾಳಿಕೊಳ್ಳಲಿಲ್ಲ. ಹುಳು ಕೊಲ್ಲುವ ಶಕ್ತಿ ಇಂಥ ಶಿಲೀಂಧ್ರಗಳಿಗೆಲ್ಲ ಇತ್ತು, ಬದುಕಿ ಹೊರಬರುವ ಶಕ್ತಿ ಬೇಕಾಗಿತ್ತು. ಹಾಗಾಗಿ ಮಣ್ಣು, ಗೊಬ್ಬರಗಳಿಂದ ಸಂಗ್ರಹಿಸಿದ ಶಿಲೀಂಧ್ರಗಳನ್ನು ಜೀರ್ಣಾಂಗದಂಥದೇ ಪರಿಸ್ಥಿತಿಗೆ ಒಡ್ಡಿ, ಉಳಿದವನ್ನಷ್ಟೇ ಆರಿಸಿಕೊಂಡರು. 1991ರ ಹೊತ್ತಿಗೆ ಈ ಜರಡಿ ಹಿಡಿಯುವ ಕೆಲಸ ಒಂದು ಹಂತಕ್ಕೆ ಬಂತು. ಕೊನೆಗೆ ಗೆದ್ದದ್ದು ಡಡಿಂಗ್ಟೋನಿಯಾ ಫ್ಲಾಗ್ರನ್ಸ್. ಬ್ರಿಟನ್ನಿನ ಡಡಿಂಗ್ಟನ್ 1949ರಲ್ಲಿ ವರ್ಣಿಸಿದ್ದ, 1969ರಲ್ಲಿ ಅವರದೇ ಹೆಸರಿನ ಕುಲಕ್ಕೆ ಸೇರಿಸಲಾದ ಈ ಶಿಲೀಂಧ್ರ ದಪ್ಪ ಗೋಡೆಯ ಬೀಜಕಗಳನ್ನು ಹೇರಳವಾಗಿ ಕಟ್ಟುತ್ತದೆ. ಪ್ರಾಣಿಯ ಹೊಟ್ಟೆಯಲ್ಲಿ ಅವು ಸುಮ್ಮನೆ ಹಾದುಹೋಗುತ್ತವೆ, ಸಗಣಿ ಬಿದ್ದ ಮೇಲೆ ಮೊಳೆತು ಅಂಟುಬಲೆ ಹೆಣೆಯುತ್ತವೆ.

ಆಸ್ಟ್ರೇಲಿಯಾದಲ್ಲಿ ಪೀಟರ್ ವಾಲರ್ ಮತ್ತು ಸಂಗಡಿಗರು ಕುರಿಗಳಲ್ಲಿ ಇದೇ ದಾರಿ ಹಿಡಿದರು. 1997ರ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಇಪೊದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದಕ್ಕೆಂದೇ ಕಾರ್ಯಾಗಾರ ನಡೆಸಿತು. ಭಾರತದಲ್ಲಿ ಪಿ.ಕೆ. ಸನ್ಯಾಲ್ 2000ದ ಹೊತ್ತಿಗೆ ಶಿಲೀಂಧ್ರದ ದೇಶಿ ತಳಿಗಳನ್ನು ಹುಡುಕಿ ಪರೀಕ್ಷಿಸಿದರು. ಸಂಶೋಧನೆಯಿಂದ ಅಂಗಡಿಗೆ ಬರಲು ಮತ್ತೆ ಸುಮಾರು ಎರಡು ದಶಕ ಹಿಡಿಯಿತು: ಈ ಶಿಲೀಂಧ್ರದ ಬೀಜಕಗಳುಳ್ಳ ಆಸ್ಟ್ರೇಲಿಯಾದ ‘ಬಯೋವರ್ಮಾ’ 2018ರ ಸುಮಾರಿಗೆ ಆ ದೇಶದಲ್ಲೂ ಅಮೆರಿಕದಲ್ಲೂ ನೋಂದಣಿ ಪಡೆಯಿತು, ಬ್ರೆಜಿಲ್‌ನಲ್ಲಿ ‘ಬಯೋವರ್ಮ್’ ಬಂತು.

ತೊಡಕುಗಳು ಇಲ್ಲದಿಲ್ಲ. ಹೊಟ್ಟೆಯೊಳಗೆ ಆಗಲೇ ಇರುವ ಹುಳುಗಳಿಗೆ ಬೀಜಕದಿಂದ ಏನೂ ಆಗದು. ಸೊರಗಿದ ಕುರಿಗೆ ಔಷಧಿಯೇ ಬೇಕು. ಬೀಜಕವನ್ನು ದಿನವೂ ಮೇವಿನಲ್ಲಿ ಕೊಡಬೇಕು. ಹಟ್ಟಿಯಲ್ಲಿ ಹಿಂಡಿ ತಿನ್ನಿಸುವ ಹಸುವಿಗೆ ಇದು ಸುಲಭ, ಊರೂರು ಅಲೆದು ಮೇಯುವ ಮಂದೆಗೆ ಕಷ್ಟ. ದನ, ಕುರಿಗಳು ನೆಕ್ಕುವ ಮೇವಿನ ಇಟ್ಟಿಗೆಗಳಲ್ಲಿ ಬೆರೆಸಿ ಕೊಡುವ ಪ್ರಯೋಗಗಳೂ ನಡೆದಿವೆ, ಆದರೆ ಇಟ್ಟಿಗೆಗೆ ತೇವ ತಾಗಿದರೆ ಬೀಜಕಗಳು ಅಲ್ಲೇ ಮೊಳೆತು ಹಾಳಾಗುತ್ತವೆ. ತಿನ್ನಿಸುವುದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಸಗಣಿಯಲ್ಲಿ ಬೀಜಕ ಬರುವುದೂ ನಿಲ್ಲುತ್ತದೆ. ಆದ್ದರಿಂದ ಮಳೆ ಬಿದ್ದು ಮರಿಹುಳುಗಳು ಹೆಚ್ಚುವ ತಿಂಗಳುಗಳನ್ನು ನೋಡಿಕೊಂಡು ಬೀಜಕ ಕೊಡುವುದು ವಾಡಿಕೆ.