ರಕ್ಷಿತಾ ರಾಜು

ರಕ್ಷಿತಾ ರಾಜು (ಜನನ 2001) ಕರ್ನಾಟಕದ ಪ್ಯಾರಾ ಅಥ್ಲೀಟ್. ಇವರು ದೃಷ್ಟಿದೋಷವುಳ್ಳವರಿಗಾಗಿ ನಡೆಸುವ ಟಿ11 ವರ್ಗದ 1500 ಮೀಟರ್ ಓಟಗಾರ್ತಿ. 2018 ಮತ್ತು 2023ರಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟಗಳಲ್ಲಿ ಈ ಓಟದ ಚಿನ್ನದ ಪದಕ ಗೆದ್ದಿದ್ದಾರೆ. 2024ರ ಪ್ಯಾರಿಸ್ ಕೂಟದಲ್ಲಿ ಸ್ಪರ್ಧಿಸುವ ಮೂಲಕ, ಪ್ಯಾರಾಲಿಂಪಿಕ್ಸ್‌ನ 1500 ಮೀಟರ್ ಓಟದಲ್ಲಿ ಭಾರತವನ್ನು ಪ್ರತಿನಿಧಿಸಿದ ಮೊದಲ ಅಂಧ ಮಹಿಳೆ ಎನಿಸಿದರು.

ಆರಂಭಿಕ ಜೀವನ

ರಕ್ಷಿತಾ ಅವರು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನವರು. ಈ ತಾಲ್ಲೂಕು ಹಾಸನ ಜಿಲ್ಲೆಯ ಸಕಲೇಶಪುರಕ್ಕೆ ಹೊಂದಿಕೊಂಡಿದೆ. ಮೂಡಿಗೆರೆ, ಸಕಲೇಶಪುರ ಹಾಗೂ ಆಲೂರಿನ ಗುಡ್ಡಗಾಡು ಪ್ರದೇಶ ಒಂದೇ ಕಾಫಿ ಸೀಮೆಯ ಭಾಗಗಳಾಗಿವೆ.

ಹುಟ್ಟಿನಿಂದಲೇ ಅಂಧರಾಗಿದ್ದ ರಕ್ಷಿತಾ, ಬಾಲ್ಯದಲ್ಲಿಯೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡರು. ಅವರನ್ನು ಸಾಕಿ ಬೆಳೆಸಿದವರು ಅಜ್ಜಿ. ಅಜ್ಜಿಗೂ ಮಾತು ಮತ್ತು ಶ್ರವಣದ ದೋಷವಿತ್ತು. ಚಿಕ್ಕಮಗಳೂರಿನ ಆಶಾಕಿರಣ ಅಂಧ ಮಕ್ಕಳ ಶಾಲೆಯಲ್ಲಿ ಓದುತ್ತಿದ್ದಾಗ ಅಲ್ಲಿನ ಶಿಕ್ಷಕರು ಇವರ ಓಟದ ಸಾಮರ್ಥ್ಯವನ್ನು ಗುರುತಿಸಿ ಪ್ರೋತ್ಸಾಹಿಸಿದರು.

ತರಬೇತಿ

ಸ್ವತಃ 1500 ಮೀಟರ್ ಓಟಗಾರರಾಗಿದ್ದ ರಾಹುಲ್ ಬಾಲಕೃಷ್ಣ ಅವರು ರಾಷ್ಟ್ರಮಟ್ಟದ ಸ್ಪರ್ಧೆಯೊಂದರಲ್ಲಿ ರಕ್ಷಿತಾ ಅವರ ಓಟವನ್ನು ಗಮನಿಸಿ, ಮುಂದೆ ಅವರ ತರಬೇತುದಾರರೂ ಮಾರ್ಗದರ್ಶಿ ಓಟಗಾರರೂ ಆದರು. ನಂತರ ರಕ್ಷಿತಾ ಬೆಂಗಳೂರಿಗೆ ಬಂದು, ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಅಭ್ಯಾಸ ಮುಂದುವರಿಸಿದರು.

ಟಿ11 ವರ್ಗ ಮತ್ತು ಮಾರ್ಗದರ್ಶಿ ಓಟಗಾರ

ಪ್ಯಾರಾ ಅಥ್ಲೆಟಿಕ್ಸ್‌ನಲ್ಲಿ ಟಿ11, ಟಿ12 ಮತ್ತು ಟಿ13 ವರ್ಗಗಳು ದೃಷ್ಟಿದೋಷವುಳ್ಳವರಿಗೆ ಮೀಸಲು. ಇವುಗಳಲ್ಲಿ ಟಿ11 ಅತ್ಯಂತ ತೀವ್ರ ದೋಷವಿರುವವರ ವರ್ಗ. ಸ್ವಲ್ಪ ಬೆಳಕು ಕಾಣುವವರಿಗೂ ಕಾಣದವರಿಗೂ ಅಂತರವಾಗದಂತೆ ಈ ವರ್ಗದ ಓಟಗಾರರೆಲ್ಲರೂ ಕಣ್ಣುಪಟ್ಟಿ ಧರಿಸಬೇಕು. ಇವರು ಮಾರ್ಗದರ್ಶಿಯೊಬ್ಬರ ಜೊತೆಯಲ್ಲಿ ಓಡುತ್ತಾರೆ. ಇಬ್ಬರ ಕೈಗಳನ್ನು ಗಿಡ್ಡನೆಯ ಪಟ್ಟಿಯೊಂದು ಜೋಡಿಸಿರುತ್ತದೆ.

1500 ಮೀಟರ್ ಎಂದರೆ 400 ಮೀಟರ್ ಟ್ರ್ಯಾಕಿನ ಮೂರೂಮುಕ್ಕಾಲು ಸುತ್ತು. ತಿರುವು ಎಲ್ಲಿದೆ, ಪ್ರತಿಸ್ಪರ್ಧಿಗಳು ಎಷ್ಟು ದೂರದಲ್ಲಿದ್ದಾರೆ, ವೇಗ ಯಾವಾಗ ಹೆಚ್ಚಿಸಬೇಕು ಎಂಬುದನ್ನು ಮಾರ್ಗದರ್ಶಿ ಓಡುತ್ತಲೇ ತಿಳಿಸುತ್ತಾರೆ. ಆದರೆ ಓಟಗಾರರನ್ನು ಎಳೆಯುವಂತಿಲ್ಲ, ತಳ್ಳುವಂತಿಲ್ಲ. ಅಂತಿಮ ರೇಖೆಯನ್ನು ಓಟಗಾರರೇ ಮೊದಲು ದಾಟಬೇಕು. ಇಬ್ಬರ ಹೆಜ್ಜೆ ಹಾಗೂ ಕೈಬೀಸು ಹೊಂದಿಕೊಳ್ಳಲು ದೀರ್ಘಕಾಲದ ಜಂಟಿ ಅಭ್ಯಾಸ ಬೇಕಾಗುತ್ತದೆ. ಮಾರ್ಗದರ್ಶಿಯು ಓಟಗಾರರಿಗಿಂತ ವೇಗವಾಗಿ ಓಡಬಲ್ಲವರಾಗಿರುವುದು ಅಗತ್ಯವಾದ್ದರಿಂದ, ಮಹಿಳೆಯರ ಸ್ಪರ್ಧೆಗಳಲ್ಲಿ ಪುರುಷ ಮಾರ್ಗದರ್ಶಿಗಳು ಓಡುವುದು ಸಾಮಾನ್ಯ.

ಅಂತರರಾಷ್ಟ್ರೀಯ ಸಾಧನೆ

2018ರ ಅಕ್ಟೋಬರ್‌ನಲ್ಲಿ ಇಂಡೋನೇಷ್ಯಾದ ಜಕಾರ್ತದಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ರಕ್ಷಿತಾ 5 ನಿಮಿಷ 40.64 ಸೆಕೆಂಡುಗಳಲ್ಲಿ ಗುರಿ ತಲುಪಿ ಚಿನ್ನ ಗೆದ್ದರು. ಚೀನಾದ ಹಾಂಗ್‌ಝೌ ಕೂಟವು 2022ರ ಬದಲು 2023ರ ಅಕ್ಟೋಬರ್‌ನಲ್ಲಿ ನಡೆಯಿತು. ಅಲ್ಲಿ ಅವರು 5 ನಿಮಿಷ 21.45 ಸೆಕೆಂಡುಗಳ ಓಟದೊಂದಿಗೆ ಚಿನ್ನವನ್ನು ಉಳಿಸಿಕೊಂಡರು. ಐದು ವರ್ಷಗಳ ಅವಧಿಯಲ್ಲಿ ಅವರ ಓಟ 19 ಸೆಕೆಂಡುಗಳಿಗೂ ಹೆಚ್ಚು ಚುರುಕಾಗಿತ್ತು. ಇದೇ ಸ್ಪರ್ಧೆಯಲ್ಲಿ ಭಾರತದ ಕಿಲ್ಲಕ ಲಲಿತಾ ಬೆಳ್ಳಿ ಪಡೆದರು.

2024ರ ಆಗಸ್ಟ್ 28ರಿಂದ ಸೆಪ್ಟೆಂಬರ್ 8ರವರೆಗೆ ನಡೆದ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೆ ಭಾರತ 84 ಕ್ರೀಡಾಪಟುಗಳನ್ನು ಕಳುಹಿಸಿತ್ತು. ಅವರಲ್ಲಿ 32 ಮಂದಿ ಮಹಿಳೆಯರು. ರಕ್ಷಿತಾ ಮೊದಲ ಸುತ್ತಿನಲ್ಲಿ ಓಡಿದರಾದರೂ ಅಂತಿಮ ಸುತ್ತಿಗೆ ಅರ್ಹತೆ ಪಡೆಯಲಿಲ್ಲ. ಏಷ್ಯಾದ ಮಟ್ಟಕ್ಕೂ ಜಾಗತಿಕ ಮಟ್ಟಕ್ಕೂ ಇರುವ ಅಂತರ ದೊಡ್ಡದು: 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಮೆಕ್ಸಿಕೊದ ಮೋನಿಕಾ ರೊಡ್ರಿಗೆಸ್ ಇದೇ ಓಟವನ್ನು 4 ನಿಮಿಷ 37.40 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆ ಸ್ಥಾಪಿಸಿದ್ದರು.

ಮಹತ್ವ

ದೂರದ ಓಟ ಮಹಿಳೆಯರಿಗೆ ತಡವಾಗಿ ತೆರೆದುಕೊಂಡ ಕ್ಷೇತ್ರ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ನಡೆದ ಮಹಿಳೆಯರ 800 ಮೀಟರ್ ಓಟವನ್ನು ಆನಂತರ ಕೈಬಿಟ್ಟು, 1960ರಲ್ಲಿ ಮತ್ತೆ ಸೇರಿಸಲಾಯಿತು. 1500 ಮೀಟರ್ ಓಟಕ್ಕೆ ಅವಕಾಶ ದೊರೆತದ್ದು 1972ರ ಮ್ಯೂನಿಕ್ ಕೂಟದಲ್ಲಿ, ಮ್ಯಾರಥಾನ್‌ಗೆ 1984ರಲ್ಲಿ.

ಅಂಧ ಓಟಗಾರ್ತಿಯ ವಿಷಯದಲ್ಲಿ ಸ್ಪರ್ಧೆಗೆ ಅವಕಾಶವಿರುವುದಷ್ಟೇ ಸಾಲದು. ಪ್ರತಿಭೆಯನ್ನು ಗುರುತಿಸುವ ಶಾಲೆ, ಮನೆಯಿಂದ ದೂರವಿದ್ದು ಅಭ್ಯಾಸ ಮಾಡಲು ಸುರಕ್ಷಿತ ವಸತಿ ಹಾಗೂ ದಿನವೂ ಜೊತೆಗೆ ಓಡುವ ಮಾರ್ಗದರ್ಶಿ, ಇವುಗಳಲ್ಲಿ ಒಂದು ತಪ್ಪಿದರೂ ಓಟ ನಿಂತುಹೋಗುತ್ತದೆ. ಈ ಮೂರೂ ಒದಗಿದಾಗ ಮಲೆನಾಡಿನ ಹಳ್ಳಿಯ ಅಂಧ ಹೆಣ್ಣುಮಗಳೂ ಖಂಡದ ಅಗ್ರಸ್ಥಾನ ತಲುಪಬಹುದು ಎಂಬುದಕ್ಕೆ ರಕ್ಷಿತಾ ಅವರ ಎರಡು ಏಷ್ಯನ್ ಚಿನ್ನಗಳು ನಿದರ್ಶನವಾಗಿವೆ.